ಗಲ್ಲದೊಳಗಿನ ಪೆಪ್ಪರಮಿಂಟು

ಶಾಲೆಯಲ್ಲಿ ಪಾಠ ಹೇಳುವವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಮಕ್ಕಳ ಮುಖ ನೋಡಿದ ಕೂಡಲೇ ಏನು ತಪ್ಪು ಮಾಡಿದ್ದಾರೆಂದು ಊಹಿಸಿಬಿಡುವುದು. ತಲೆ ತಗ್ಗಿಸಿದರೆ ಮನೆಪಾಠ ಮಾಡಿಲ್ಲ, ಕಿಟಕಿಯ ಕಡೆ ನೋಡಿದರೆ ಮನಸ್ಸು ಮೈದಾನದಲ್ಲಿದೆ, ಗಲ್ಲ ಉಬ್ಬಿದ್ದರೆ ಬಾಯಲ್ಲಿ ಪೆಪ್ಪರಮಿಂಟು ಇದೆ. ಈ ಊಹೆಗಳು ನೂರಕ್ಕೆ ತೊಂಬತ್ತು ಸಲ ನಿಜವಾಗುವುದರಿಂದ ನಮಗೆ ಅವುಗಳ ಮೇಲೆ ಭರವಸೆಯೂ ಬಹಳ. ಉಳಿದ ಹತ್ತರಲ್ಲಿ ಒಂದು ಸಲ ನಾನು ಎಡವಿದೆ. ಆ ಎಡವಿದ ಬೆರಳಿನ ನೋವು ಇನ್ನೂ ಪೂರ್ತಿ ಮಾಯ್ದಿಲ್ಲ.

1997ರ ಮಳೆಗಾಲ. ಧಾರವಾಡ ಜಿಲ್ಲೆಯಿಂದ ಹಾವೇರಿ ಬೇರೆಯಾದ ವರ್ಷ. ನಾನು ಹೈಸ್ಕೂಲಿಗೆ ಸೇರಿ ಮೂರು ವರ್ಷವಾಗಿತ್ತು. ಎಂಟನೇ ತರಗತಿಗೆ ವಿಜಯನಗರದ ಪಾಠ ನಡೆದಿತ್ತು. ಮೂರನೇ ಬೆಂಚಿನ ಹುಡುಗನೊಬ್ಬನ ಎಡಗಲ್ಲ ಉಬ್ಬಿತ್ತು.

"ಬಾಯಾಗ ಏನ್ ಇಟ್ಕೊಂಡೀಯೋ? ಹೊರಗ ಹೋಗಿ ಉಗುಳಿ ಬಾ" ಎಂದೆ.

"ಏನೂ ಇಲ್ರೀ ಅಕ್ಕೋರ" ಎಂದ. ಹುಡುಗರೆಲ್ಲ ನಕ್ಕರು. ಅವನು ಹೊರಗೆ ಹೋಗಿ ಬಂದ. ಗಲ್ಲ ಹಾಗೆಯೇ ಇತ್ತು. ಸುಳ್ಳು ಹೇಳುತ್ತಿದ್ದಾನೆಂದು ನನಗೆ ಸಿಟ್ಟು ಬಂತು. ಆ ಅವಧಿ ಮುಗಿಯುವವರೆಗೆ ನಿಲ್ಲಿಸಿದೆ.

ಹತ್ತು ಹನ್ನೆರಡು ದಿನವಾದ ಮೇಲೆ ಅವನ ತಾಯಿ ಬಂದಳು. ಮೆಣಸಿನಕಾಯಿ ಸುಗ್ಗಿಯಲ್ಲಿ ತೊಟ್ಟು ಬಿಡಿಸುವ ಕೂಲಿ, ಉಳಿದ ದಿನ ಕಳೆ ತೆಗೆಯುವ ಕೂಲಿ ಮಾಡುವಾಕೆ. ಮಗನಿಗೆ ರಜೆ ಕೇಳಲು ಬಂದಿದ್ದಳು. "ಹಲ್ಲಿನ ಹುಳಾ ಅಂತ ಲವಂಗ ಇಟ್ವಿರಿ. ಅಲಗಾಡಾಕ ಹತ್ತಿದ್ವು ಅಂತ ಎರಡು ಹಲ್ಲು ಕೀಳ್ಸಿದ್ವಿ. ಕಿತ್ತ ಜಾಗದಾಗ ಮಾಂಸ ಬೆಳ್ಯಾಕ ಹತ್ತೈತಿ ನೋಡ್ರಿ" ಎಂದಳು. ನಾನು ನೋಡಿದೆ. ಹನ್ನೆರಡು ದಿನದ ಹಿಂದೆ ನೆಲ್ಲಿಕಾಯಿಯಷ್ಟಿದ್ದ ಬಾವು ಸಣ್ಣ ನಿಂಬೆಹಣ್ಣಿನಷ್ಟಾಗಿತ್ತು.

ದೊಡ್ಡ ಆಸ್ಪತ್ರೆಯಲ್ಲಿ ಆ ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕಾಗದ ಬಂದಾಗ ಆಕೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಮನೆಗೇ ತಂದಳು. "ಡಾಕ್ಟರು ಹೇಳ್ಯಾರ್ರಿ, ನನಗ ತಿಳೀಲಿಲ್ಲ. ನೀವು ಇಂಗ್ಲಿಷ್ ಬಲ್ಲವರು, ಏನ್ ಬರದಾರ ಓದ್ರಿ." ಬಿ.ಎ., ಬಿ.ಎಡ್. ಓದಿದ ನನ್ನ ಇಂಗ್ಲಿಷು ಆ ಕಾಗದದ ಮುಂದೆ ಕೈಕಟ್ಟಿ ನಿಂತಿತು. 'ಲಿಂಫೋಮಾ' ಎಂಬ ಪದ ಎಲ್ಲೋ ಕೇಳಿದ ಹಾಗಿತ್ತು, ಅದು ಕ್ಯಾನ್ಸರಿನ ಒಂದು ಬಗೆ. ಅದರ ಹಿಂದೆ ಇನ್ನೊಂದು ಪದವಿತ್ತು: ಬರ್ಕಿಟ್. ಅದು ಊರೋ, ಔಷಧಿಯೋ, ಅಂಗವೋ ಗೊತ್ತಾಗಲಿಲ್ಲ. ಅದೊಂದು ಮನುಷ್ಯನ ಹೆಸರೆಂದು ತಿಳಿದದ್ದು ಆಮೇಲೆ. ಇತಿಹಾಸ ಪಾಠ ಮಾಡುವವಳು ನಾನು. ಒಂದು ಹೆಸರು ಸಿಕ್ಕರೆ ಅದರ ಬೆನ್ನು ಹತ್ತಿ ಹೋಗುವುದು ನನ್ನ ಅಭ್ಯಾಸ. ಆ ವರ್ಷ ಶುರುವಾದ ಹುಡುಕಾಟದಲ್ಲಿ, ಸಿಕ್ಕಿದ ಪುಸ್ತಕಗಳಿಂದಲೂ ಪರಿಚಯದ ವೈದ್ಯರಿಂದಲೂ ವರ್ಷಗಟ್ಟಲೆ ಕೂಡಿಸಿಟ್ಟದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಡೆನಿಸ್ ಬರ್ಕಿಟ್ ಹುಟ್ಟಿದ್ದು 1911ರಲ್ಲಿ, ಐರ್ಲೆಂಡಿನ ಎನ್ನಿಸ್ಕಿಲ್ಲೆನ್ ಎಂಬ ಊರಿನಲ್ಲಿ. ತಂದೆ ಜಿಲ್ಲೆಯ ರಸ್ತೆ, ಸೇತುವೆ ನೋಡಿಕೊಳ್ಳುವ ಎಂಜಿನಿಯರ್. ಬಿಡುವಿನಲ್ಲಿ ಮನೆಯ ಸುತ್ತಲಿನ ರಾಬಿನ್ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ, ಯಾವ ಹಕ್ಕಿಯ ನೆಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ನಕ್ಷೆ ಬರೆಯುತ್ತಿದ್ದರಂತೆ. ಈ ನಕ್ಷೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮಗನಿಗೆ ಹನ್ನೊಂದನೇ ವಯಸ್ಸಿನಲ್ಲಿ ಕಲ್ಲೇಟು ಬಿದ್ದು ಒಂದು ಕಣ್ಣು ಹೋಯಿತು. ಡಬ್ಲಿನ್ನಿನಲ್ಲಿ ಮೊದಲು ಎಂಜಿನಿಯರಿಂಗಿಗೆ ಸೇರಿ, ಆಮೇಲೆ ವೈದ್ಯಕೀಯಕ್ಕೆ ಹೊರಳಿ, ಶಸ್ತ್ರವೈದ್ಯರಾದರು. ಆಫ್ರಿಕದ ವಸಾಹತುಗಳಲ್ಲಿ ಕೆಲಸ ಮಾಡಬೇಕೆಂದು ಅರ್ಜಿ ಹಾಕಿದಾಗ ಒಕ್ಕಣ್ಣಿನವರು ಬೇಡವೆಂದು ಸರ್ಕಾರ ತಿರುಗಿಸಿ ಕಳಿಸಿತು. ಯುದ್ಧಕಾಲದಲ್ಲಿ ಸೈನ್ಯದ ವೈದ್ಯರಾಗಿ ಕೆಲಸ ಮಾಡಿದ ಮೇಲೆ, 1946ರಲ್ಲಿ ಉಗಾಂಡಕ್ಕೆ ಹೋಗಲು ಅವಕಾಶ ದೊರೆಯಿತು. ಎರಡು ವರ್ಷದಲ್ಲಿ ಕಂಪಾಲಾದ ಮುಲಾಗೋ ಆಸ್ಪತ್ರೆಗೆ ಬಂದರು.

1957ರಲ್ಲಿ ಒಂದು ದಿನ ಆಸ್ಪತ್ರೆಯ ಮಕ್ಕಳ ವಿಭಾಗದಿಂದ ಹ್ಯೂ ಟ್ರೋವೆಲ್ ಎಂಬ ಹಿರಿಯ ವೈದ್ಯರು ಬರ್ಕಿಟ್ಟರನ್ನು ಕರೆಸಿದರು. ಐದು ವರ್ಷದ ಹುಡುಗ. ಮೇಲಿನ ದವಡೆ, ಕೆಳಗಿನ ದವಡೆ, ಎಡಗಡೆ, ಬಲಗಡೆ ಹೀಗೆ ನಾಲ್ಕೂ ಮೂಲೆಗಳಲ್ಲಿ ಬಾವು. ಹಲ್ಲುಗಳು ಸಡಿಲಾಗಿದ್ದವು, ಮುಖವೇ ಗುರುತು ಸಿಗದ ಹಾಗಾಗಿತ್ತು. ಕೀವು ತುಂಬಿದ ಸೋಂಕಾದರೆ ಒಂದು ಕಡೆ ಇರಬೇಕು, ನಾಲ್ಕು ಕಡೆ ಒಮ್ಮೆಗೇ ಹೇಗೆ ಬಂತು? ಗೆಡ್ಡೆಯಾದರೂ ಅಷ್ಟೇ, ಒಂದೆಡೆ ಹುಟ್ಟಬೇಕಲ್ಲವೇ? ಬರ್ಕಿಟ್ಟರಿಗೆ ಉತ್ತರ ಹೊಳೆಯಲಿಲ್ಲ. ಕೆಲವು ವಾರಗಳ ಮೇಲೆ ಜಿಂಜಾ ಎಂಬ ಊರಿನ ಆಸ್ಪತ್ರೆಗೆ ಹೋಗಿದ್ದಾಗ ಕಿಟಕಿಯಿಂದ ಹೊರಗೆ ನೋಡಿದರು. ಹುಲ್ಲಿನ ಮೇಲೆ ತಾಯಿಯೊಬ್ಬಳ ಜೊತೆ ಕುಳಿತಿದ್ದ ಮಗುವಿನ ಮುಖದಲ್ಲಿ ಅದೇ ಬಾವು. ಹೊರಗೆ ಓಡಿಹೋಗಿ ನೋಡಿದರೆ, ದವಡೆಯ ನಾಲ್ಕೂ ಮೂಲೆಗಳಲ್ಲಿ ಗೆಡ್ಡೆ, ಹೊಟ್ಟೆಯಲ್ಲೂ ಗೆಡ್ಡೆ. ಒಂದು ಸಲ ಕಂಡರೆ ವಿಚಿತ್ರ, ಎರಡು ಸಲ ಕಂಡರೆ ವಿಚಾರ ಮಾಡಬೇಕಾದದ್ದು.

ಬರ್ಕಿಟ್ ಹಳೆಯ ದಾಖಲೆಗಳನ್ನು ತಿರುವಿಹಾಕಿದರು. ದವಡೆಯ ಗೆಡ್ಡೆ ಎಂದು ಒಂದು ಪುಸ್ತಕದಲ್ಲಿ ಬರೆದಿತ್ತು, ಮೂತ್ರಪಿಂಡದ ಗೆಡ್ಡೆ ಎಂದು ಇನ್ನೊಂದರಲ್ಲಿ, ಅಂಡಾಶಯದ ಗೆಡ್ಡೆ ಎಂದು ಮತ್ತೊಂದರಲ್ಲಿ. ಹಲ್ಲಿನವರು ಹಲ್ಲು ನೋಡಿದ್ದರು, ಕಣ್ಣಿನವರು ಕಣ್ಣು ನೋಡಿದ್ದರು, ಹೊಟ್ಟೆಯವರು ಹೊಟ್ಟೆ ನೋಡಿದ್ದರು. ಕುರುಡರು ಆನೆ ಮುಟ್ಟಿದ ಕಥೆ ನಮಗೆಲ್ಲ ಗೊತ್ತೇ ಇದೆ. ಇಲ್ಲಿ ಪೂರ್ತಿ ಆನೆಯನ್ನು ಕಂಡದ್ದು ಒಕ್ಕಣ್ಣಿನ ವೈದ್ಯರು. ಇವೆಲ್ಲ ಒಂದೇ ರೋಗದ ಬೇರೆ ಬೇರೆ ಮುಖಗಳು ಎಂದು ಅವರು 38 ಮಕ್ಕಳ ವಿವರದೊಂದಿಗೆ 1958ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯರ ಪತ್ರಿಕೆಯೊಂದರಲ್ಲಿ ಬರೆದರು. ಆ ಲೇಖನವನ್ನು ಹೆಚ್ಚು ಜನ ಗಮನಿಸಲಿಲ್ಲ.

ರೋಗ ಮಾತ್ರ ಹಳೆಯದೇ. ಕಂಪಾಲಾದಲ್ಲಿ 1897ರಲ್ಲಿ ಮೆಂಗೋ ಆಸ್ಪತ್ರೆ ಸ್ಥಾಪಿಸಿದ ಆಲ್ಬರ್ಟ್ ಕುಕ್ ತಮ್ಮ ರೋಗಿಗಳ ವಿವರಗಳನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕಗಳಲ್ಲಿ ದವಡೆ ಉಬ್ಬಿದ ಮಕ್ಕಳ ಚಿತ್ರಗಳಿವೆ. ಅರ್ಧ ಶತಮಾನ ಆ ಮಕ್ಕಳು ಪುಟಗಳ ನಡುವೆ ಸುಮ್ಮನೆ ಕುಳಿತಿದ್ದರು.

ಇದು ಯಾವ ಜಾತಿಯ ಗೆಡ್ಡೆ ಎಂದು ಹೇಳಬೇಕಾದವರು ಸೂಕ್ಷ್ಮದರ್ಶಕದ ಮುಂದೆ ಕೂರುವವರು. ಮುಲಾಗೋದಲ್ಲಿ ಆಗ ಜ್ಯಾಕ್ ಡೇವಿಸ್ ಮತ್ತು ಅಮೆರಿಕದಿಂದ ಬಂದಿದ್ದ ಗ್ರೆಗರಿ ಓಕಾನರ್ ಎಂಬ ರೋಗವಿಜ್ಞಾನಿಗಳಿದ್ದರು. ಮಕ್ಕಳ ಕ್ಯಾನ್ಸರ್ ದಾಖಲೆಗಳನ್ನೆಲ್ಲ ಪರಿಶೀಲಿಸಿ ಅವರು ಹೇಳಿದ್ದು ಎರಡು ಮಾತು. ಒಂದು, ಇದು ಮೂಳೆಯ ಗೆಡ್ಡೆಯಲ್ಲ. ರೋಗನಿರೋಧಕ್ಕೆಂದು ಇರುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು ಹತೋಟಿ ತಪ್ಪಿ ಬೆಳೆದದ್ದು, ಅಂದರೆ ಲಿಂಫೋಮಾ. ಎರಡು, ಕಂಪಾಲಾದಲ್ಲಿ ಮಕ್ಕಳಿಗೆ ಬರುತ್ತಿದ್ದ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟು ಇದೇ. ಸೂಕ್ಷ್ಮದರ್ಶಕದಲ್ಲಿ ಈ ಗೆಡ್ಡೆ ನೋಡಲು ವಿಚಿತ್ರವಾಗಿ ಚೆಲುವಾಗಿರುತ್ತದೆಯಂತೆ. ಕಪ್ಪಾಗಿ ಒತ್ತೊತ್ತಾಗಿ ಕುಳಿತ ಕಣಗಳು, ಅವುಗಳ ನಡುವೆ ಅಲ್ಲಲ್ಲಿ ಸತ್ತ ಕಣಗಳನ್ನು ನುಂಗಿ ಬೆಳ್ಳಗೆ ಹೊಳೆಯುವ ದೊಡ್ಡ ಕಣಗಳು. ಇದಕ್ಕೆ ವೈದ್ಯರು ಇಟ್ಟ ಹೆಸರು 'ಚುಕ್ಕಿ ತುಂಬಿದ ಆಕಾಶ'. ನಮ್ಮ ಹುಡುಗನ ದವಡೆಯ ಚೂರಿನಲ್ಲಿ ಕಂಡದ್ದೂ ಅದೇ ಆಕಾಶ. ಆ ಕಾಗದದಲ್ಲಿ ಆ ಮಾತಿತ್ತು. ಓದಿ, ರೋಗದ ಚೀಟಿಯಲ್ಲಿ ಆಕಾಶಕ್ಕೇನು ಕೆಲಸ ಎಂದು ನಾನು ಬೆರಗಾಗಿದ್ದೆ.

ಮುಂದಿನ ಪ್ರಶ್ನೆ, ಈ ರೋಗ ಎಲ್ಲೆಲ್ಲಿದೆ? ದಕ್ಷಿಣ ಆಫ್ರಿಕದಿಂದ ಬಂದ ವೈದ್ಯರೊಬ್ಬರು ತಮ್ಮಲ್ಲಿ ಇದನ್ನು ಕಂಡಿಲ್ಲವೆಂದರು. ಹಾಗಾದರೆ ಇದಕ್ಕೊಂದು ಗಡಿ ಇರಬೇಕು. ತಂದೆ ಹಕ್ಕಿಯ ನೆಲೆಗೆ ಗೆರೆ ಎಳೆದಂತೆ ಮಗ ರೋಗದ ನೆಲೆಗೆ ಗೆರೆ ಎಳೆಯಲು ಹೊರಟರು. ಸಿಕ್ಕ ಧನಸಹಾಯ 25 ಪೌಂಡು. ಅದರಲ್ಲಿ ರೋಗಿಗಳ ಚಿತ್ರವಿರುವ ಪತ್ರಗಳನ್ನು ಅಚ್ಚು ಹಾಕಿಸಿ, ಇಂಥ ಮಗುವನ್ನು ನೋಡಿದ್ದೀರಾ ಎಂದು ಆಫ್ರಿಕದ ಉದ್ದಗಲದ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳಿಸಿದರು. ಉತ್ತರ ಬಂದ ಕಡೆಯೆಲ್ಲ ನಕ್ಷೆಯ ಮೇಲೆ ಗುರುತು ಹಾಕಿದರು. ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 10ರಿಂದ 15 ಡಿಗ್ರಿಯವರೆಗೆ ಒಂದು ಪಟ್ಟಿ, ಅದರಿಂದ ಪೂರ್ವ ಕರಾವಳಿಗುಂಟ ಮೊಜಾಂಬಿಕ್ ಕಡೆಗೆ ಇಳಿದ ಒಂದು ಬಾಲ. ಸೊಂಟಕ್ಕೆ ಡಾಬು ಕಟ್ಟಿದಂತೆ ಆಫ್ರಿಕದ ನಡುವಿಗೆ ಆ ಪಟ್ಟಿ ಬಿಗಿದುಕೊಂಡಿತ್ತು.

ಕಾಗದದ ಉತ್ತರ ಸಾಲದೆಂದು 1961ರ ಅಕ್ಟೋಬರಿನಲ್ಲಿ ಬರ್ಕಿಟ್ ಒಂದು ಹಳೆಯ ಫೋರ್ಡ್ ವಾಹನದಲ್ಲಿ ಹೊರಟರು. ಜೊತೆಗೆ ಟೆಡ್ ವಿಲಿಯಮ್ಸ್ ಮತ್ತು ಕ್ಲಿಫರ್ಡ್ ನೆಲ್ಸನ್ ಎಂಬ ಇಬ್ಬರು ವೈದ್ಯ ಗೆಳೆಯರು. ವಿಲಿಯಮ್ಸರಿಗೆ ಗಾಡಿ ರಿಪೇರಿಯೂ ಬರುತ್ತಿತ್ತು. ಹತ್ತು ವಾರಗಳಲ್ಲಿ ಉಗಾಂಡದಿಂದ ದಕ್ಷಿಣ ಆಫ್ರಿಕದವರೆಗೆ ಹೋಗಿ ಬಂದರು. ಹತ್ತು ಸಾವಿರ ಮೈಲಿ. ದಾರಿಯ ಪ್ರತಿ ಆಸ್ಪತ್ರೆಯಲ್ಲೂ ನಿಲ್ಲಿಸಿ ಚಿತ್ರ ತೋರಿಸುವುದು, ಕೇಳುವುದು, ಬರೆದುಕೊಳ್ಳುವುದು. ಕೊನೆಗೆ ಹೊರಬಿದ್ದ ಸತ್ಯ ಹೀಗಿತ್ತು: ಎತ್ತರದ ತಂಪು ಸೀಮೆಯಲ್ಲಿ ರೋಗವಿಲ್ಲ. ಭೂಮಧ್ಯರೇಖೆಯ ಬಳಿ ಸುಮಾರು 5,000 ಅಡಿಯ ಮೇಲೆ ಕಾಣುವುದಿಲ್ಲ. ದಕ್ಷಿಣಕ್ಕೆ ಹೋದಂತೆ ಆ ಎತ್ತರದ ಮಿತಿ ಕೆಳಗಿಳಿಯುತ್ತದೆ. ಮಳೆ ಕಡಿಮೆ ಇರುವ ಒಣ ಸೀಮೆಯಲ್ಲೂ ಇಲ್ಲ.

ಇದನ್ನು ನೋಡಿದ ಅಲೆಕ್ಸಾಂಡರ್ ಹ್ಯಾಡೋ ಎಂಬ ವಿಜ್ಞಾನಿ ಎತ್ತರವೆಂಬುದು ನೆಪ, ನಿಜವಾದ ಗಡಿ ತಾಪಮಾನ ಎಂದರು. ಬಿಸಿಲೂ ಮಳೆಯೂ ಎರಡೂ ಬೇಕಾದ ಜೀವಿ ಯಾವುದು? ಸೊಳ್ಳೆ. ಮಲೇರಿಯಾ ವರ್ಷವಿಡೀ ಕಾಡುವ ಕಡೆಯೇ ಈ ಗೆಡ್ಡೆಯೂ ಹೆಚ್ಚು. ಪಾಪುವಾ ನ್ಯೂಗಿನಿಯ ತಗ್ಗುಪ್ರದೇಶದಲ್ಲಿಯೂ ಇದೇ ಜೋಡಿ ಕಂಡಿತು. ಪದೇ ಪದೇ ಮಲೇರಿಯಾ ಬಂದ ಮಗುವಿನ ದೇಹದಲ್ಲಿ ಆ ಬಗೆಯ ಬಿಳಿ ಕಣಗಳು ಮತ್ತೆ ಮತ್ತೆ ಹುಟ್ಟಿ ದಣಿಯುತ್ತವೆ, ಅವುಗಳ ಮೇಲಿನ ಕಾವಲು ಸಡಿಲಾಗುತ್ತದೆ ಎಂದು ಈಗ ತಿಳಿದಿದೆ. ಆದರೆ ಮಲೇರಿಯಾ ಒಂದೇ ಸಾಲದು. ಇನ್ನೊಬ್ಬ ಪಾಲುದಾರ ಇದ್ದ.

ಈ ಪಾಲುದಾರನನ್ನು ಹಿಡಿದ ಕಥೆ ಲಂಡನ್ನಿನದು. 1961ರ ಮಾರ್ಚ್ 22ರಂದು ರಜೆಯಲ್ಲಿ ಊರಿಗೆ ಬಂದಿದ್ದ ಬರ್ಕಿಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಒಂದು ಉಪನ್ಯಾಸ ಕೊಟ್ಟರು. ಕೇಳಲು ಬಂದವರಲ್ಲಿ ಆಂಥನಿ ಎಪ್‌ಸ್ಟೈನ್ ಎಂಬ ವಿಜ್ಞಾನಿ ಇದ್ದರು. ಕೋಳಿಗಳಲ್ಲಿ ಕ್ಯಾನ್ಸರ್ ಹುಟ್ಟಿಸುವ ವೈರಸ್ಸಿನ ಮೇಲೆ ಕೆಲಸ ಮಾಡಿದವರು. ಹವಾಮಾನಕ್ಕೆ ತಕ್ಕಂತೆ ಹರಡುವ ಕ್ಯಾನ್ಸರ್ ಎಂದ ಕೂಡಲೇ ಅವರಿಗೆ ಇದರ ಹಿಂದೆ ವೈರಸ್ ಇರಬೇಕು ಎನಿಸಿತು. ಕಂಪಾಲಾದಿಂದ ಗೆಡ್ಡೆಯ ಚೂರುಗಳು ವಿಮಾನದಲ್ಲಿ ಲಂಡನ್ನಿಗೆ ಬರತೊಡಗಿದವು. ಎರಡು ವರ್ಷಕ್ಕೂ ಮಿಕ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಏನೂ ಕಾಣಲಿಲ್ಲ. ಅಮೆರಿಕದಿಂದ ಹಣ ದೊರೆತ ಮೇಲೆ ಇಬ್ಬರು ಸಹಾಯಕರು ಸೇರಿದರು. ಟ್ರಿನಿಡಾಡ್ ಮೂಲದ ಬರ್ಟ್ ಅಚಾಂಗ್, ಮತ್ತು ಐರ್ಲೆಂಡಿನ ಇವಾನ್ ಬಾರ್ ಎಂಬ ಮೂವತ್ತರ ಹರೆಯದ ಹೆಣ್ಣುಮಗಳು. ಇವಾನ್ ಅವರ ಪಾಲಿನ ಕೆಲಸ ಗೆಡ್ಡೆಯ ಕಣಗಳನ್ನು ಗಾಜಿನ ಬಾಟಲಿಯಲ್ಲಿ ಬೆಳೆಸುವುದು. ಕೂಸಿಗೆ ಹೊತ್ತುಹೊತ್ತಿಗೆ ಊಡಿಸಿದಂತೆ ಆ ಕಣಗಳಿಗೆ ಪೋಷಕ ದ್ರವ ಬದಲಾಯಿಸುತ್ತಾ, ಬೆಚ್ಚಗಿಡುತ್ತಾ, ಕೊಳೆಯದಂತೆ ಕಾಯುತ್ತಾ ಇರಬೇಕು.

1963ರ ಡಿಸೆಂಬರ್ 5. ಲಂಡನ್ನಿನಲ್ಲಿ ದಟ್ಟ ಮಂಜು. ಕಂಪಾಲಾದ ಚೂರು ಹೊತ್ತ ವಿಮಾನ ಮ್ಯಾಂಚೆಸ್ಟರಿನಲ್ಲಿ ಇಳಿಯಿತು. ಪೊಟ್ಟಣ ಬಹಳ ತಡವಾಗಿ ಕೈಸೇರಿದಾಗ ಬಾಟಲಿಯ ದ್ರವ ಕದಡಿ ಮಬ್ಬಾಗಿತ್ತು. ಹಾಲು ಒಡೆದಂತೆ ಕೆಟ್ಟಿದೆ ಎಂದು ಚೆಲ್ಲಬಹುದಿತ್ತು. ಎಪ್‌ಸ್ಟೈನ್ ಚೆಲ್ಲಲಿಲ್ಲ, ಒಂದು ಹನಿ ತೆಗೆದು ನೋಡಿದರು. ಮಬ್ಬಿಗೆ ಕಾರಣ ಕೊಳೆಯಲ್ಲ. ದಾರಿಯ ಕುಲುಕಾಟದಲ್ಲಿ ಚೂರಿನಿಂದ ಬಿಡಿಸಿಕೊಂಡ ಗೆಡ್ಡೆಯ ಕಣಗಳು ಜೀವಂತವಾಗಿ ದ್ರವದಲ್ಲಿ ತೇಲುತ್ತಿದ್ದವು! ಹಾಗೆ ತೇಲುವ ಕಣಗಳನ್ನೇ ಬೆಳೆಸಿದರು. 1964ರ ಫೆಬ್ರವರಿಯಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮೊದಲ ನೋಟದಲ್ಲೇ ವೈರಸ್ ಕಂಡಿತು. ಯಂತ್ರದ ಕಿರಣಕ್ಕೆ ಎಲ್ಲಿ ಸುಟ್ಟುಹೋಗುವುದೋ ಎಂಬ ಗಾಬರಿಯಲ್ಲಿ ಎಪ್‌ಸ್ಟೈನ್ ಅದನ್ನು ಆರಿಸಿ, ಹಿಮ ಬೀಳುತ್ತಿದ್ದ ಬೀದಿಯಲ್ಲಿ ಒಂದು ಸುತ್ತು ಹಾಕಿ, ಮನಸ್ಸು ಸಮಾಧಾನವಾದ ಮೇಲೆ ಬಂದು ಮತ್ತೆ ನೋಡಿದರಂತೆ. ಅದೇ ವರ್ಷದ ಮಾರ್ಚ್ 28ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲಿ ಲೇಖನ ಬಂತು. ಮನುಷ್ಯರ ಕ್ಯಾನ್ಸರಿಗೆ ಸಂಬಂಧಿಸಿದ ಮೊದಲ ವೈರಸ್ ಅದು. ಇಂದಿಗೂ ಅದನ್ನು ಎಪ್‌ಸ್ಟೈನ್-ಬಾರ್ ವೈರಸ್ ಎಂದೇ ಕರೆಯುತ್ತಾರೆ.

ಈ ವೈರಸ್ ಅಪರೂಪದ್ದೇನಲ್ಲ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ಮೈಯಲ್ಲಿ ಇದೆ. ನಿಮ್ಮಲ್ಲೂ ನನ್ನಲ್ಲೂ ಇರಬಹುದು. ಎಂಜಲಿನಿಂದ ಹರಡಿ ಜೀವನಪೂರ್ತಿ ಮೈಯೊಳಗೆ ಮಲಗಿರುತ್ತದೆ. ಮಲೇರಿಯಾದಿಂದ ಕಾವಲು ಸಡಿಲಾದ ಮಗುವಿನಲ್ಲಿ, ಕಣವೊಂದರ ಎಂಟನೇ ವರ್ಣತಂತುವಿನ ತುಂಡು ಹರಿದು ಹೆಚ್ಚಾಗಿ ಹದಿನಾಲ್ಕನೆಯದಕ್ಕೆ ಅಂಟಿಕೊಂಡರೆ, ಬೆಳೆಯೆಂದು ಹೇಳುವ ಜೀನ್ ಬಾಯಿ ಮುಚ್ಚದೆ ಕೂಗತೊಡಗುತ್ತದೆ. ಮಲೇರಿಯಾದ ಪಟ್ಟಿಯ ಹೊರಗೂ, ನಮ್ಮ ದೇಶದಲ್ಲೂ, ಅಪರೂಪಕ್ಕೆ ಈ ರೋಗ ಬರುತ್ತದೆ. ಅಲ್ಲಿ ಬಹಳ ಸಲ ವೈರಸ್ ಇರುವುದಿಲ್ಲ, ಗೆಡ್ಡೆ ಹೆಚ್ಚಾಗಿ ಹೊಟ್ಟೆಯಲ್ಲಿರುತ್ತದೆ, ಕೆಲವೊಮ್ಮೆ ಮಾತ್ರ ದವಡೆಯಲ್ಲಿ. ಎಲ್ಲ ಕಡೆಯೂ ತಪ್ಪದೆ ಇರುವುದು ಆ ಜೀನಿನ ಕೂಗು. ಮಗು ನೀರು ಕಾಯಿಸದೆ ಕುಡಿದದ್ದಕ್ಕೋ, ತಾಯಿ ಗ್ರಹಣದ ದಿನ ಹೊರಗೆ ಬಂದದ್ದಕ್ಕೋ ಬರುವ ರೋಗ ಇದಲ್ಲ. ಆ ತಾಯಿ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಇಂಥ ಹತ್ತು ತಪ್ಪುಗಳನ್ನು ತನ್ನ ಮೇಲೆ ಹಾಕಿಕೊಂಡು ಅತ್ತದ್ದು ನೆನಪಿದೆ. ಆಗ ಇಷ್ಟು ಗೊತ್ತಿದ್ದರೆ ಹೇಳುತ್ತಿದ್ದೆ.

ಇನ್ನು ಚಿಕಿತ್ಸೆ. ಕಂಪಾಲಾದಲ್ಲಿ ವಿಕಿರಣ ಚಿಕಿತ್ಸೆಯ ಯಂತ್ರವಿರಲಿಲ್ಲ. ದವಡೆ ಕೊಯ್ದರೆ ಮಗುವಿನ ಮುಖ ಹೋಗುತ್ತಿತ್ತೇ ವಿನಾ ರೋಗ ಹೋಗುತ್ತಿರಲಿಲ್ಲ. ಈ ಗೆಡ್ಡೆ ಒಂದೆರಡು ದಿನದಲ್ಲಿ ಇಮ್ಮಡಿಯಾಗಬಲ್ಲದು. ಆದರೆ ಆ ವೇಗವೇ ಅದರ ದೌರ್ಬಲ್ಯ, ಏಕೆಂದರೆ ಕ್ಯಾನ್ಸರ್ ಔಷಧಿಗಳು ಹೊಡೆಯುವುದು ಬೇಗ ಬೇಗ ಒಡೆಯುವ ಕಣಗಳನ್ನು. ನ್ಯೂಯಾರ್ಕಿನ ಜೋಸೆಫ್ ಬರ್ಚೆನಾಲ್ ಮತ್ತು ಹರ್ಬರ್ಟ್ ಓಟ್‌ಗೆನ್ ಎಂಬ ವೈದ್ಯರು ಆಗಷ್ಟೇ ಬಳಕೆಗೆ ಬರುತ್ತಿದ್ದ ಔಷಧಿಗಳನ್ನು ಇಲ್ಲಿ ಪ್ರಯತ್ನಿಸಲು ನೆರವಾದರು. ಮೆಥೊಟ್ರೆಕ್ಸೇಟ್, ಸೈಕ್ಲೋಫಾಸ್ಫಮೈಡ್, ವಿನ್‌ಕ್ರಿಸ್ಟಿನ್. ಕೆಲವೇ ದಿನಗಳಲ್ಲಿ ಕೆಲವು ಮಕ್ಕಳ ಗೆಡ್ಡೆ ಮಂಜುಗಡ್ಡೆಯಂತೆ ಕರಗಿತು. ಎಷ್ಟೋ ತಾಯಂದಿರು ಒಂದು ಸಲ ಸೂಜಿ ಹಾಕಿಸಿಕೊಂಡು ಮಗುವನ್ನು ಎತ್ತಿಕೊಂಡು ದೂರದ ಹಳ್ಳಿಗೆ ಹೋದರೆ ಮತ್ತೆ ಬರುತ್ತಿರಲಿಲ್ಲ. ಅವರೆಲ್ಲ ಸತ್ತಿರಬೇಕೆಂದುಕೊಂಡ ಬರ್ಕಿಟ್ಟರಿಗೆ ಕೆಲವರು ವರ್ಷಗಳ ಮೇಲೆ ಗಟ್ಟಿಮುಟ್ಟಾಗಿ ಕಣ್ಣಿಗೆ ಬಿದ್ದರು. ಔಷಧಿಯಿಂದಲೇ ಕ್ಯಾನ್ಸರ್ ವಾಸಿಯಾಗಬಹುದೆಂಬ ಮಾತನ್ನು ಬಹಳ ವೈದ್ಯರು ನಂಬದಿದ್ದ ಕಾಲ ಅದು.

1967ರಲ್ಲಿ ಅಮೆರಿಕದ ಜಾನ್ ಝೀಗ್ಲರ್ ಎಂಬ ಯುವ ವೈದ್ಯರು ಬಂದು ಕಂಪಾಲಾದ ಲಿಂಫೋಮಾ ಚಿಕಿತ್ಸಾ ಕೇಂದ್ರದ ಹೊಣೆ ಹೊತ್ತರು. ಔಷಧಿಗಳನ್ನು ಯಾವ ಕ್ರಮದಲ್ಲಿ, ಎಷ್ಟು ಸಲ ಕೊಡಬೇಕೆಂದು ವ್ಯವಸ್ಥಿತವಾಗಿ ಪರೀಕ್ಷಿಸಿದ್ದು ಅಲ್ಲಿ. ಇಡಿ ಅಮೀನನ ಆಳ್ವಿಕೆಯಲ್ಲಿ, 1972ರಲ್ಲಿ ಝೀಗ್ಲರ್ ಹೊರಟುಹೋದರು. ಅದೇ ವರ್ಷ ನಮ್ಮ ದೇಶದ ಮೂಲದ ಸಾವಿರಾರು ಕುಟುಂಬಗಳನ್ನೂ ಅಮೀನ್ ಹೊರಗಟ್ಟಿದ್ದು ನಿಮಗೆ ನೆನಪಿರಬಹುದು. ಆಗ ಕೇಂದ್ರದ ಬಾಗಿಲು ಮುಚ್ಚದಂತೆ ಕಾಪಾಡಿದವರು ಚಾರ್ಲ್ಸ್ ಒಲ್ವೆನಿ ಎಂಬ ಉಗಾಂಡದ ವೈದ್ಯರು. ಆ ಸಂಸ್ಥೆ ಇಂದಿಗೂ ಮುಲಾಗೋದಲ್ಲಿ ಕೆಲಸ ಮಾಡುತ್ತಿದೆ. ಹಣವಿರುವ ದೇಶಗಳಲ್ಲಿ ಈ ರೋಗ ಬಂದ ಹತ್ತು ಮಕ್ಕಳಲ್ಲಿ ಒಂಬತ್ತರಷ್ಟು ಈಗ ಬದುಕುತ್ತವೆ. ರೋಗಕ್ಕೆ ಹೆಸರು ಬಂದ ಆಫ್ರಿಕದ ಬಹಳ ಕಡೆ ಅಷ್ಟು ಮಕ್ಕಳು ಇನ್ನೂ ಉಳಿಯುತ್ತಿಲ್ಲ. ತಡವಾಗಿ ಬರುವುದು, ಚಿಕಿತ್ಸೆ ಅರ್ಧಕ್ಕೆ ಬಿಡುವುದು, ಔಷಧಿ ಸಿಗದಿರುವುದು ಇದಕ್ಕೆ ಕಾರಣ.

ಔಷಧಿಗಳ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಮೆಥೊಟ್ರೆಕ್ಸೇಟ್ ತಯಾರಾದದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ, ಯೆಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳುತನದಲ್ಲಿ. 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿ, 1948ರಲ್ಲಿ ಅಮೆರಿಕದಲ್ಲಿ ತೀರಿಕೊಂಡವರು. ವಿನ್‌ಕ್ರಿಸ್ಟಿನ್ ಸಿಗುವುದು ನಮ್ಮ ಹಿತ್ತಿಲಲ್ಲಿ ವರ್ಷವಿಡೀ ಅರಳುವ ಸದಾಪುಷ್ಪದ ಎಲೆಗಳಿಂದ. ಕೆಲವರು ಕಾಶಿಕಣಗಿಲೆ ಎನ್ನುತ್ತಾರೆ. ಒಂದು ಗ್ರಾಂ ಔಷಧಿಗೆ ನೂರಾರು ಕಿಲೋ ಒಣ ಎಲೆ ಬೇಕು. ಹಾಗೆಂದು ಯಾರೂ ಎಲೆ ಅರೆದು ಕುಡಿಯಬೇಡಿ, ಅದು ವಿಷ. ಪ್ರಯೋಗಾಲಯದಲ್ಲಿ ಅಳೆದು ತೂಗಿ ತೆಗೆದಾಗ ಮಾತ್ರ ಮದ್ದು.

ಇವಾನ್ ಬಾರ್ ಏನಾದರು ಎಂದು ಹುಡುಕಿದಾಗ ನನಗೆ ಬಹಳ ಹೊತ್ತು ಸುಮ್ಮನೆ ಕೂರುವಂತಾಯಿತು. 1966ರಲ್ಲಿ ಡಾಕ್ಟರೇಟ್ ಪಡೆದು, ಮದುವೆಯಾಗಿ ಗಂಡನೊಂದಿಗೆ ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿ ಕಾಯಂ ಸಂಶೋಧನಾ ಹುದ್ದೆ ಸಿಗಲಿಲ್ಲ. ಶಿಕ್ಷಕರ ತರಬೇತಿ ಪಡೆದು ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸಿದರು. 2016ರಲ್ಲಿ ತೀರಿಕೊಂಡರು. ಜಗತ್ತಿನ ಪ್ರತಿ ವೈದ್ಯಕೀಯ ಪುಸ್ತಕದಲ್ಲೂ ಹೆಸರಿರುವ ಹೆಂಗಸು ಕೈಗೆ ಸೀಮೆಸುಣ್ಣದ ಪುಡಿ ಮೆತ್ತಿಕೊಂಡು, ಸಮೀಕರಣ ತಪ್ಪು ಮಾಡಿದ ಹುಡುಗಿಯನ್ನು ತಿದ್ದುತ್ತಾ ನಿಂತ ಚಿತ್ರ ನನ್ನ ಕಣ್ಣ ಮುಂದೆ ಬರುತ್ತದೆ. ಪ್ರಯೋಗಾಲಯ ಕಳೆದುಕೊಂಡದ್ದು ಶಾಲೆಗೆ ಲಾಭವಾಯಿತೆಂದು ಸಮಾಧಾನ ಹೇಳುವುದು ಸುಲಭ. ಮೇಷ್ಟ್ರುಗಿರಿ ಮಾಡುವವಳಾದರೂ ನನಗೆ ಆ ಸಮಾಧಾನ ಪೂರ್ತಿ ಒಪ್ಪುವುದಿಲ್ಲ. ಮದುವೆಯಾಗಿ ಊರು ಬದಲಾದಾಗ ನಮ್ಮಲ್ಲಿ ಎಷ್ಟು ಜನ ಏನೇನು ಬಿಟ್ಟು ಬಂದಿದ್ದೇವೆಂದು ನಮಗೆ ನಮಗೇ ಗೊತ್ತು.

ಹುಡುಗನ ವಿಷಯಕ್ಕೆ ಬರುತ್ತೇನೆ. ಅವನಿಗೆ ಅದೇ ಮೂರು ಔಷಧಿಗಳು ಬಿದ್ದವು, ಇನ್ನೂ ಒಂದೆರಡು ಸೇರಿ. ಮೊದಲ ಸೂಜಿಗೆ ಮುಂಚೆ ಇಡೀ ದಿನ ಸಲೈನ್ ಏರಿಸಿದರು. ಗೆಡ್ಡೆ ಕರಗುವ ವೇಗಕ್ಕೆ ಅದರ ಕಸ ಮೂತ್ರಪಿಂಡಕ್ಕೆ ಕಟ್ಟಿಕೊಳ್ಳಬಾರದೆಂದು ಹಾಗೆ ಮಾಡುತ್ತಾರಂತೆ. ಬೆನ್ನುಹುರಿಗೂ ಸೂಜಿ ಹಾಕಿದರು. ಕೂದಲು ಉದುರಿತು, ಬಾಯಿ ಹುಣ್ಣಾಗಿ ಗಂಜಿಯೂ ಇಳಿಯದಾಯಿತು. ಶಾಲೆಯಲ್ಲಿ ನಾವು ಚಂದಾ ಎತ್ತಿದೆವು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಎರಡನೇ ವಾರಕ್ಕೇ ಗಲ್ಲ ಇಳಿದಿತ್ತು. ಆರು ತಿಂಗಳ ಮೇಲೆ ಟೋಪಿ ಹಾಕಿಕೊಂಡು ಶಾಲೆಗೆ ಬಂದು ಅದೇ ಮೂರನೇ ಬೆಂಚಿನಲ್ಲಿ ಕುಳಿತ. ಆ ಊರಲ್ಲೇ, ಎರಡು ವರ್ಷದ ಹಿಂದೆ, ಹೊಟ್ಟೆಯಲ್ಲಿ ಗೆಡ್ಡೆಯಾಗಿ ಒಂದು ಹೆಣ್ಣುಮಗು ಹೆಸರಿಲ್ಲದ ರೋಗದಿಂದ ತೀರಿಹೋಗಿತ್ತು ಎಂದು ಆಮೇಲೆ ಕೇಳಿದೆ. ಅದೂ ಇದೇ ಇದ್ದಿರಬಹುದೇ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಈಗ ಅವನಿಗೆ ನಲವತ್ತು ದಾಟಿದೆ. ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಕೆಳಗಿನ ಎಡಗಡೆ ಕಟ್ಟಿಸಿದ ಹಲ್ಲುಗಳಿವೆ. ಹೋದ ವರ್ಷ ಮಗಳನ್ನು ಶಾಲೆಗೆ ಸೇರಿಸಲು ಬಂದಾಗ, ಇಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಹೊರಗೆ ಹಾಕಿದೆ. "ಅವತ್ತ ನಿನ್ನ ಇಡೀ ತಾಸು ನಿಲ್ಲಿಸಿದ್ದೆನಪ್ಪ, ತಪ್ಪಾತು" ಎಂದೆ. "ನನಗ ನೆನಪಿಲ್ರೀ ಅಕ್ಕೋರ" ಎಂದ. ನಿಜವಾಗಿ ಮರೆತಿದ್ದನೋ, ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟನೋ ತಿಳಿಯಲಿಲ್ಲ.

ಮನೆಯಲ್ಲಿ ಮಕ್ಕಳಿರುವ ಅಕ್ಕತಂಗಿಯರಿಗೆ ಒಂದು ಮಾತು. ಮಕ್ಕಳ ಗಲ್ಲ ಊದಿದರೆ ಬಹುಮಟ್ಟಿಗೆ ಅದು ಹುಳುಕು ಹಲ್ಲೇ, ಹೆದರಬೇಕಿಲ್ಲ. ಆದರೆ ಹುಳುಕಿಲ್ಲದ ಹಲ್ಲು ತಾನ್ತಾನೇ ಅಲುಗಾಡಿದರೆ, ನೋವಿಲ್ಲದೆ ಬಾವು ದಿನೇದಿನೇ ಬೆಳೆದರೆ, ಕಿತ್ತ ಹಲ್ಲಿನ ಕುಳಿ ಎರಡು ವಾರವಾದರೂ ಮಾಯದೆ ಮಾಂಸ ತುಂಬಿಕೊಂಡರೆ, ಇನ್ನೊಂದು ಹಲ್ಲು ಕೀಳಿಸುವ ಮೊದಲು ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ. ಚೂರು ತೆಗೆದು ಪರೀಕ್ಷೆ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುವವರ ಮಾತು ಕೇಳಬೇಡಿ. ಈ ರೋಗದಲ್ಲಿ ವಾರಗಳಿಗೆ ಬಹಳ ಬೆಲೆಯಿದೆ.

ನನ್ನ ಮಟ್ಟಿಗೆ ಹೇಳುವುದಾದರೆ, ತರಗತಿಯಲ್ಲಿ ಯಾರದಾದರೂ ಗಲ್ಲ ಉಬ್ಬಿದ್ದು ಕಂಡರೆ ಈಗ ನಿಂತಲ್ಲಿಂದ ಕೂಗುವುದಿಲ್ಲ. ಬೆಂಚಿನ ಹತ್ತಿರ ಹೋಗಿ, ಬಗ್ಗಿ, ಮೆಲ್ಲಗೆ ಕೇಳುತ್ತೇನೆ. ಹೆಚ್ಚಿನ ಸಲ ಪೆಪ್ಪರಮಿಂಟೇ ಇರುತ್ತದೆ.